ನಮ್ಮಮ್ಮನ ಕೇಸು, ನಮ್ಮಮ್ಮನಿಗೇ ಗೊತ್ತಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಪೊಲೀಸರು ಮಾಡಿದ ಪ್ರಾಪರ್ಟಿ ಪೆರೇಡ್, ಅಂದ್ರೆ ಕಳ್ಳರಿಂದ ಸಿಕ್ಕ ಮಾಲನ್ನ ಸಾಲಾಗಿ ಇಟ್ಟು ತೋರಿಸೋ ಕಾರ್ಯಕ್ರಮದ ಫೋಟೋ ಬಂದಿತ್ತು. ಟೇಬಲ್ ಮೇಲೆ ಸಾಲಾಗಿ ಚಿನ್ನದ ಸರ, ಬಳೆ, ಹಿಂದೆ ಒಂದಷ್ಟು ಬೈಕು, ಮುಂದೆ ಸಾಹೇಬ್ರು, ಪಕ್ಕದಲ್ಲಿ ಒಡವೆ ಕಳಕೊಂಡ ಹೆಂಗಸರು ಸೆರಗು ಸರಿ ಮಾಡ್ಕೊಂಡು ನಿಂತಿದ್ರು. ನೋಡಿ ಸಂತೋಷಾನೇ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ನಮ್ಮಮ್ಮ ಅದೇ ಫೋಟೋನ ಕನ್ನಡಕ ಹಾಕ್ಕೊಂಡು ಐದು ನಿಮಿಷ ನೋಡಿ, "ಇವರಿಗೆಲ್ಲ ಇಷ್ಟು ಬೇಗ ಸಿಕ್ತಾ?" ಅಂತ ಕೇಳಿದ್ಲು. ಆ ಒಂದು ಮಾತಿಗೆ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಬೇಕಾದ್ರೆ ಕತ್ತರಿ ಹಾಕ್ಕೊಳ್ಳಿ.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲೂಕು ಊರು. 2018ರ ಜನವರಿ, ಧನುರ್ಮಾಸ ಇನ್ನೂ ಮುಗಿದಿರಲಿಲ್ಲ. ಬೆಳಗಿನ ಜಾವ ಐದೂ ಮುಕ್ಕಾಲಿಗೆ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ಲು, ಬೈಕಲ್ಲಿ ಇಬ್ಬರು ಬಂದು ದೇವಸ್ಥಾನ ಎಲ್ಲಿ ಅಂತ ಕೇಳಿದ್ರು, ಇವಳು ಎದ್ದು ಕೈ ತೋರಿಸೋಕೆ ಹೋದ್ಲು ನೋಡಿ, ಕತ್ತಿಗೆ ಕೈ ಹಾಕಿ ಮಾಂಗಲ್ಯದ ಸರ ಎಳೆದ್ರು. ಸರ ಗಟ್ಟಿ ಇತ್ತು, ಒಂದೇ ಸಲಕ್ಕೆ ಕಿತ್ತು ಬರಲಿಲ್ಲ, ಅಮ್ಮನ್ನೂ ಎರಡು ಮಾರು ಎಳ್ಕೊಂಡು ಹೋಗಿ ಚರಂಡಿ ಕಲ್ಲಿನ ಮೇಲೆ ಬೀಳಿಸಿದ್ರು. ಸೊಂಟದ ಮೂಳೆ ಮುರೀತು. ಆಗ ಅವಳಿಗೆ 61 ವರ್ಷ.

ತುಮಕೂರಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಿದ್ವಿ, ಒಂದು ಲಕ್ಷದ ಎಂಬತ್ತು ಸಾವಿರ ಆಯ್ತು, ಅದರಲ್ಲಿ ಅರ್ಧ ಸಾಲ. ಆಸ್ಪತ್ರೆಯವರು ಮೊದಲು ಕೇಳಿದ್ದೇ ಎಂಎಲ್‌ಸಿ ಆಗಿದೆಯಾ, ಅಂದ್ರೆ ಇದು ಪೊಲೀಸ್ ಕೇಸು ಅಂತ ದಾಖಲಾಗಿದೆಯಾ ಅಂತ. ಸ್ಟೇಷನ್ನಿಂದ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದು ಬೆಡ್ ಪಕ್ಕದಲ್ಲಿ ಕೂತು ಹೇಳಿಕೆ ಬರ್ಕೊಂಡ್ರು, ಒಳ್ಳೆ ಮನುಷ್ಯ, ಅಮ್ಮನಿಗೆ ಧೈರ್ಯ ಹೇಳಿದ್ರು. ಎಫ್‌ಐಆರ್ ಕಾಪಿನೂ ಕೊಟ್ರು. ಆದ್ರೆ ಆವತ್ತು ಅವರೂ ಹೇಳಲಿಲ್ಲ, ಆಸ್ಪತ್ರೆಯವರೂ ಹೇಳಲಿಲ್ಲ, ಆಮೇಲೆ ಆರು ವರ್ಷ ಯಾರೂ ಹೇಳಲಿಲ್ಲ, ಏನು ಅಂದ್ರೆ ಹೀಗೆ ಅಪರಾಧದಲ್ಲಿ ಪೆಟ್ಟು ತಿಂದವರಿಗೆ ಪರಿಹಾರ ಕೊಡೋ ಕಾನೂನು ನಮ್ಮಲ್ಲಿ ಆಗಲೇ ಇತ್ತು. ಹಳೇ ಸಿಆರ್‌ಪಿಸಿಲಿ, ಅಂದ್ರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನೋ ಕಾನೂನಲ್ಲಿ, 357ಎ ಅಂತ ಒಂದು ಸೆಕ್ಷನ್ನು, 2009ರ ಕೊನೇಲಿ ಜಾರಿಗೆ ಬಂದಿದ್ದು. ಅದರ ಕೆಳಗೆ ಕರ್ನಾಟಕ ಸರ್ಕಾರ 2011ರಲ್ಲಿ ತನ್ನದೇ ಸಂತ್ರಸ್ತರ ಪರಿಹಾರ ಯೋಜನೆ ಮಾಡಿದೆ. ಕಳ್ಳ ಸಿಗದೇ ಇದ್ರೂ ಅರ್ಜಿ ಹಾಕಬಹುದು, ಕೇಸು ಬಿದ್ದು ಹೋದ್ರೂ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ತುರ್ತು ಚಿಕಿತ್ಸೆ ಬೇಕಿದ್ರೆ ಠಾಣಾಧಿಕಾರಿನೋ ಮ್ಯಾಜಿಸ್ಟ್ರೇಟರೋ ಒಂದು ಸರ್ಟಿಫಿಕೇಟ್ ಕೊಟ್ರೆ ಸಾಕು, ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ಮಾಡಿಸಿ ಅಂತ ಆರ್ಡರ್ ಮಾಡಬಹುದು. ಇಷ್ಟೆಲ್ಲ ಪುಸ್ತಕದಲ್ಲಿತ್ತು. ನಾವು ಮಾತ್ರ ಬೆಳ್ಳುಳ್ಳಿ ವ್ಯಾಪಾರದ ಬಂಡವಾಳ ತೆಗೆದು ಆಸ್ಪತ್ರೆಗೆ ಕಟ್ಟಿದ್ವಿ. ಅರ್ಜಿ ಹಾಕಿದ್ರೆ ಸಿಕ್ತಿತ್ತೋ ಇಲ್ವೋ ಬೇರೆ ಮಾತು, ಹಾಕಬಹುದು ಅಂತಾನಾದ್ರೂ ಗೊತ್ತಾಗಬೇಕಲ್ವಾ.

ಕಳ್ಳರು ಆ ವರ್ಷ ಆಗಸ್ಟಲ್ಲಿ ಬೇರೆ ಜಿಲ್ಲೆಲಿ ಬೇರೆ ಕೇಸಲ್ಲಿ ಸಿಕ್ಕಿಬಿದ್ರು. ವಿಚಾರಣೇಲಿ ನಮ್ಮೂರಿನದೂ ಬಾಯಿ ಬಿಟ್ರಂತೆ. ಸರ ಆಗಲೇ ಕರಗಿಸಿ ಗಟ್ಟಿ ಮಾಡಿದ್ರು, ತಾಳಿ ಬೊಟ್ಟು ಎರಡು ಮತ್ತೆ ನಾಲ್ಕು ಗುಂಡು ಮಾತ್ರ ಗಿರವಿ ಅಂಗಡಿಲಿ ಹಾಗೇ ಇತ್ತು. ಅಮ್ಮ ವಾಕರ್ ಹಿಡ್ಕೊಂಡು ಹೋಗಿ ಗುರುತು ಹಿಡಿದ್ಲು. ಬೊಟ್ಟಿನ ಹಿಂದೆ ಒಂದು ಚಿಕ್ಕ ಬೆಸುಗೆ ಇತ್ತು, ನಮ್ಮಜ್ಜಿ ಕಾಲದ್ದು, ಅದನ್ನ ನೋಡಿ ಅಲ್ಲೇ ಅತ್ತುಬಿಟ್ಲು. ಇವತ್ತೇ ಕೊಡ್ತಾರೆ ಅನ್ಕೊಂಡು ಕವರಲ್ಲಿ ಅರಿಶಿನ ಕುಂಕುಮ ಬೇರೆ ತಗೊಂಡು ಹೋಗಿದ್ಲು. "ಇಲ್ಲಮ್ಮ, ಇದು ಈಗ ಮುದ್ದೆಮಾಲು, ಕೋರ್ಟಿಂದ ಬಿಡಿಸ್ಕೋಬೇಕು" ಅಂದ್ರು.

ಮುದ್ದೆಮಾಲು ಅನ್ನೋ ಪದ ನಾವು ಕಲಿತಿದ್ದು ಆವತ್ತು, ಕೇಸಿಗೆ ಸಾಕ್ಷಿ ಅಂತ ಜಪ್ತಿ ಮಾಡಿಟ್ಟ ವಸ್ತು ಅಂತ ಅರ್ಥ. ಬಿಡಿಸ್ಕೋಳೋಕೆ ಅರ್ಜಿ ಹಾಕಬೇಕು, ಬಾಂಡ್ ಬರ್ಕೊಡಬೇಕು, ಜಾಮೀನುದಾರರು ಬೇಕು, ಕರೆದಾಗ ತಂದು ತೋರಿಸಬೇಕು, ಮಾರೋ ಹಾಗಿಲ್ಲ. ಅದು ಸರಿ, ಅರ್ಥ ಆಗತ್ತೆ. ಒಬ್ಬ ವಕೀಲರ ಹತ್ರ ಹೋದ್ವಿ, ಫೀಸು ಹತ್ತು ಸಾವಿರ ಅಂದ್ರು. ಸಿಗೋದು ಎಂಟು ಗ್ರಾಂ. ಅಪ್ಪ ಅಂದ್ರು, "ಕೇಸು ಮುಗೀಲಿ ಬಿಡು, ಎಲ್ಲಿಗೆ ಹೋಗತ್ತೆ, ಸರ್ಕಾರದ ಹತ್ರಾನೇ ಇದೆಯಲ್ಲ." ಅಮ್ಮ ದಾರಕ್ಕೆ ಅರಿಶಿನದ ಕೊಂಬು ಕಟ್ಕೊಂಡ್ಲು. ಹೊಸ ತಾಳಿ ಮಾಡಿಸ್ತೀನಿ ಅಂದ್ರೂ ಬೇಡ ಅಂದ್ಲು, ನಂದೇ ಬರತ್ತಲ್ಲ ಅಂತ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕದ್ದ ಒಡವೆ ಸಿಕ್ಕಾಗ ಫೋಟೋ ತೆಗೆದು, ಮಹಜರು ಬರೆದು, ಬಾಂಡ್ ತಗೊಂಡು ಮಾಲೀಕರಿಗೆ ವಾಪಸ್ ಕೊಡಿ, ಸ್ಟೇಷನಲ್ಲಿ ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಜಾಸ್ತಿ ಇಟ್ಕೋಬೇಡಿ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ, ಗುಜರಾತಿನ ಒಂದು ಕೇಸಲ್ಲಿ. ಇನ್ನೊಂದು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಸರ್ಕಾರಿ ಖರ್ಚಲ್ಲಿ ವಕೀಲರು ಸಿಗ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಲ್ಲಿ ಬರೆದಿದೆ. ಅಂದ್ರೆ ಆ ಹತ್ತು ಸಾವಿರ ಕೊಡಬೇಕಾಗೇ ಇರಲಿಲ್ಲ. ಅದೇ ಕೋರ್ಟ್ ಕಾಂಪೌಂಡಲ್ಲಿ, ನಾವು ಬೈಕ್ ನಿಲ್ಲಿಸ್ತಿದ್ದ ಬೇವಿನ ಮರದಿಂದ ನಲವತ್ತು ಹೆಜ್ಜೆ ದೂರದಲ್ಲಿ ಕಾನೂನು ಸೇವಾ ಸಮಿತಿ ಬೋರ್ಡಿತ್ತು. ನಾನು ಡಿಗ್ರಿ ಓದಿದೋನು, ಆ ಬೋರ್ಡ್ ನೂರು ಸಲ ನೋಡಿದೀನಿ, ಅದು ಬಡ ಆರೋಪಿಗಳಿಗೆ ಇರೋದು ಅಂತ ತಿಳ್ಕೊಂಡಿದ್ದೆ. ತಪ್ಪು ನಂದೂ ಇದೆ ಒಪ್ಕೋತೀನಿ.

ಕೇಸು ಶುರು ಆದ್ಮೇಲೆ ಇನ್ನೊಂದು ಗೊತ್ತಾಯ್ತು. ಕೋರ್ಟಲ್ಲಿ ನಮ್ಮಮ್ಮ ಯಾರೂ ಅಲ್ಲ. ಕೇಸು ಸರ್ಕಾರದ್ದು. ಅಮ್ಮ ಬರೀ ಸಾಕ್ಷಿ ನಂಬರ್ ಒಂದು. ಆರೋಪಿಗಳಿಗೆ ಇಡೀ ಚಾರ್ಜ್‌ಶೀಟು ಕಾಪಿ ಫ್ರೀಯಾಗಿ ಕೊಡ್ತಾರೆ, ಕೊಡಲೇಬೇಕು, ಅದು ಅವರ ಹಕ್ಕು. ಆದ್ರೆ ಬಿದ್ದು ಸೊಂಟ ಮುರ್ಕೊಂಡವಳಿಗೆ ಅದರ ಒಂದು ಹಾಳೆ ಕೊಡೋರಿಲ್ಲ. ನಾನು ಒಂದ್ಸಲ ಬೆಂಚ್ ಕ್ಲರ್ಕ್ ಹತ್ರ ಹೋಗಿ ಮುಂದಿನ ವಾಯಿದೆ ಯಾವಾಗ ಸಾರ್ ಅಂದ್ರೆ, "ನೀವ್ಯಾರು? ಸ್ಟೇಟ್ ಕೇಸಲ್ವಾ ಇದು, ಸಮನ್ಸ್ ಬಂದಾಗ ಬನ್ನಿ" ಅಂದ್ರು. ಸರ್ಕಾರಿ ವಕೀಲರನ್ನ ಕೇಳೋಣ ಅಂದ್ರೆ ಅವರ ಕೈಲಿ ಆವತ್ತೇ ಅಷ್ಟೆತ್ತರ ಫೈಲು, ಮೂರು ಜನ ಅವರ ಹಿಂದೆ ಓಡ್ತಿರ್ತಾರೆ. ಅವರನ್ನ ಬೈಯೋಕೆ ಮನಸ್ಸು ಬರಲ್ಲ.

ಸಾಕ್ಷಿ ಹೇಳೋಕೆ ಅಮ್ಮ ನಾಲ್ಕು ಸಲ ಹೋದ್ಲು. ಮೊದಲನೇ ಸಲ ಆರೋಪಿ ಕಡೆ ವಕೀಲರು ಬಂದಿರಲಿಲ್ಲ, ಎರಡನೇ ಸಲ ಜಡ್ಜ್ ಸಾಹೇಬ್ರು ರಜೆ, ಆಮೇಲೆ ಕೊರೊನಾ ಅಂತ ಎಲ್ಲಾ ನಿಂತು ಹೋಯ್ತು, ಮೂರನೇ ಸಲ ಒಬ್ಬ ಆರೋಪಿನ ಬೇರೆ ಜೈಲಿಂದ ಕರ್ಕೊಂಡು ಬಂದಿರಲಿಲ್ಲ, ನಾಲ್ಕನೇ ಸಲ ಅಂದ್ರೆ 2022ರ ಜುಲೈಲಿ ಹೇಳಿಕೆ ಆಯ್ತು. ಜಾಮೀನಿನ ಮೇಲಿದ್ದ ಇನ್ನೊಬ್ಬ ಅದೇ ಕಾರಿಡಾರಲ್ಲಿ, ಅದೇ ಬೆಂಚಿನ ತುದೀಲಿ ಕೂತಿದ್ದ. ಏನೂ ಮಾಡಲಿಲ್ಲ ಅವನು, ಮೊಬೈಲ್ ನೋಡ್ತಾ ಕೂತಿದ್ದ ಅಷ್ಟೇ. ಅಮ್ಮ ಮಾತ್ರ ಸೆರಗಲ್ಲಿ ಕತ್ತು ಮುಚ್ಕೊಂಡು ಕೂತಿದ್ಲು, ಕತ್ತಲ್ಲಿ ಕಿತ್ಕೊಳ್ಳೋಕೆ ಏನೂ ಇರಲಿಲ್ಲ, ಆದ್ರೂ. ಇಂಥ ಭಯ ಇರೋ ಸಾಕ್ಷಿಗಳಿಗೆ ಬೇರೆ ರೂಮು, ಬೇರೆ ಬಾಗಿಲು ಇರೋ ಕೇಂದ್ರ ಎಲ್ಲಾ ಕಡೆ ಮಾಡಿ ಅಂತ ಸುಪ್ರೀಂ ಕೋರ್ಟು ಅದೇ 2022ರ ಜನವರಿಲಿ ಹೇಳಿತ್ತು. ನಮ್ಮ ತಾಲೂಕು ಕೋರ್ಟಲ್ಲಿ ಹೆಂಗಸರ ಟಾಯ್ಲೆಟ್ಟಿಗೆ ಬೀಗ ಇತ್ತು. ಒಳಗೆ ಹೋದ ಮೇಲೆ ಜಡ್ಜ್ ಸಾಹೇಬ್ರು ಅಮ್ಮನಿಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿ, ನಿಧಾನವಾಗಿ ಹೇಳಮ್ಮ ಅಂದ್ರು, ಅದನ್ನ ಅಮ್ಮ ಇವತ್ತಿಗೂ ನೆನೀತಾಳೆ.

2023ರ ನವೆಂಬರಲ್ಲಿ ಇಬ್ಬರೂ ಖುಲಾಸೆ ಆದ್ರು. ನಮಗೆ ಯಾರು ಹೇಳಿದ್ದು ಗೊತ್ತಾ? ಕೋರ್ಟ್ ಎದುರಿನ ಟೀ ಅಂಗಡಿಯವನು, ಅದೂ ತೀರ್ಪಾಗಿ ಮೂರು ವಾರ ಆದ್ಮೇಲೆ. ತಾಳಿ ಜಪ್ತಿ ಮಾಡಿದಾಗ ಸಾಕ್ಷಿಗಳಾಗಿ ಸಹಿ ಹಾಕಿದ್ದ ಪಂಚರು ಇಬ್ಬರೂ ಉಲ್ಟಾ ಹೊಡೆದಿದ್ರಂತೆ. ನನಗೆ ಕಳ್ಳರ ಮೇಲೆ ಬಂದಷ್ಟು ಸಿಟ್ಟು ಆ ಪಂಚರ ಮೇಲೆ ಬರಲಿಲ್ಲ. ಒಬ್ಬ ಗಾರೆ ಕೆಲಸದವನು, ಇನ್ನೊಬ್ಬ ತರಕಾರಿ ಗಾಡಿಯವನು. ಬೇರೆ ಜಿಲ್ಲೆಯಿಂದ ಬಸ್ ಹತ್ಕೊಂಡು ಬರಬೇಕು, ಒಂದು ದಿನದ ಕೂಲಿ ಹೋಗತ್ತೆ, ಭತ್ಯೆ ಸಿಕ್ಕಿದ್ರೆ ಸಿಕ್ತು, ಬಂದ್ರೆ ಕೇಸು ಮುಂದಕ್ಕೆ. ಮೂರು ಸಲ ಹೀಗೆ ಅಲೆದವನು ನಾಲ್ಕನೇ ಸಲ "ನನಗೇನೂ ಗೊತ್ತಿಲ್ಲ ಸಾರ್, ಖಾಲಿ ಹಾಳೆಗೆ ಸಹಿ ಹಾಕಿಸ್ಕೊಂಡ್ರು" ಅಂದುಬಿಟ್ರೆ ಬೇಗ ಬಸ್ ಸಿಗತ್ತೆ.

ಖುಲಾಸೆ ಆದ್ರೆ ಸಂತ್ರಸ್ತರೇ ಅಪೀಲು ಹಾಕಬಹುದು ಅನ್ನೋದೂ ನಮಗೆ ಗೊತ್ತಾಗಿದ್ದು ವರ್ಷ ಕಳೆದ ಮೇಲೆ. ಆ ಹಕ್ಕಿನ ದೊಡ್ಡ ತೀರ್ಪು ಬಂದಿರೋದೇ ನಮ್ಮ ಕರ್ನಾಟಕದ ಒಂದು ಕೇಸಲ್ಲಿ. 2009ರ ಫೆಬ್ರವರಿಲಿ ಒಬ್ಬರ ಮೇಲೆ ಹಲ್ಲೆ ಆಗಿತ್ತು, ಕೆಳಗಿನ ಕೋರ್ಟಲ್ಲಿ ಖುಲಾಸೆ, ಹೈಕೋರ್ಟಲ್ಲಿ ನಿಮ್ಮ ಘಟನೆ ಆ ಕಾನೂನು ಬರೋಕೆ ಮುಂಚಿನದು ಅಂತ ಅಪೀಲು ವಾಪಸ್. ಅವರು ಬಿಡದೆ ಸುಪ್ರೀಂ ಕೋರ್ಟಿಗೆ ಹೋದ್ರು. 2018ರ ಅಕ್ಟೋಬರಲ್ಲಿ ಕೋರ್ಟು, ಸಂತ್ರಸ್ತರು ಅಪೀಲು ಹಾಕೋಕೆ ಯಾರ ಪರ್ಮಿಷನ್ನೂ ಬೇಡ ಅಂತ ತೀರ್ಪು ಕೊಡ್ತು. ಇಡೀ ದೇಶಕ್ಕೆ ಅನುಕೂಲ ಆಯ್ತು. ಆ ತೀರ್ಪಿನ ಮೇಲೆ ಅವರ ಹೆಸರಿನ ಪಕ್ಕದಲ್ಲಿ 'ಮೃತ, ವಾರಸುದಾರರ ಮೂಲಕ' ಅಂತಿದೆ.

ನಮ್ಮ ತಾಳಿ ವಾಪಸ್ ಬಂದಿದ್ದು 2024ರ ಶುರೂಲಿ. ಖಾಕಿ ಕವರು, ಮೇಲೆ ಅರಗಿನ ಸೀಲು, ಕ್ರೈಂ ನಂಬರ್. ಅಪ್ಪ 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಹೋಗಿಬಿಟ್ಟಿದ್ರು. ಅಮ್ಮ ಕವರ್ ಬಿಚ್ಚಿ ಬೊಟ್ಟಿನ ಹಿಂದೆ ಬೆಸುಗೆ ಇದೆಯಾ ನೋಡಿ, ದೇವರ ಮನೆ ಡಬ್ಬೀಲಿ ಇಟ್ಲು. ಇದರ ಬಗ್ಗೆ ಇನ್ನೇನೂ ಬರೆಯಲ್ಲ.

ಈಗ ನೀವು ಹೇಳಬಹುದು, ಅದೆಲ್ಲಾ ಹಳೇ ಕಾನೂನಪ್ಪ, ಈಗ 2024ರ ಜುಲೈ ಒಂದರಿಂದ ಹೊಸದು ಬಂದಿದೆಯಲ್ಲ ಅಂತ. ಹೌದು ಬಂದಿದೆ, ನಾನು ಕೂತು ಓದಿದೀನಿ. ಸರ ಕೀಳೋದನ್ನೇ ಬೇರೆ ಅಪರಾಧ ಅಂತ ಮಾಡಿದಾರೆ. ಸಿಆರ್‌ಪಿಸಿ ಬದಲಿಗೆ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆ 193ನೇ ಸೆಕ್ಷನ್ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರು ಕೊಟ್ಟವರಿಗೋ ಸಂತ್ರಸ್ತರಿಗೋ ಪೊಲೀಸರು ತಿಳಿಸಲೇಬೇಕು, ಮೊಬೈಲಲ್ಲಿ ತಿಳಿಸಿದ್ರೂ ಆಗತ್ತೆ. ಮುದ್ದೆಮಾಲು ಕೋರ್ಟಿಗೆ ಬಂದ 14 ದಿನದಲ್ಲಿ ಪಟ್ಟಿ ಮಾಡಿ, ಫೋಟೋ ವಿಡಿಯೋ ತೆಗೆದು, ಆಮೇಲೆ 30 ದಿನದಲ್ಲಿ ಏನು ಮಾಡಬೇಕು ಅಂತ ಆದೇಶ ಮಾಡಬೇಕು. ಪರಿಹಾರದ ಅರ್ಜಿ ಎರಡು ತಿಂಗಳಲ್ಲಿ ವಿಚಾರಣೆ ಮುಗೀಬೇಕು. ಸರ್ಕಾರ ಕೇಸು ವಾಪಸ್ ತಗೊಳ್ಳೋಕೆ ಹೊರಟ್ರೆ ಸಂತ್ರಸ್ತರ ಮಾತು ಕೇಳದೆ ಕೋರ್ಟು ಒಪ್ಪೋ ಹಾಗಿಲ್ಲ. ಒಳ್ಳೇದೇ ಎಲ್ಲಾ. ಚಾರ್ಜ್‌ಶೀಟ್ ಕಾಪಿ ಸಂತ್ರಸ್ತರಿಗೂ ಕೊಡಬೇಕಂತೆ, ಆದ್ರೆ ಅವರ ಪರವಾಗಿ ವಕೀಲರಿದ್ರೆ. ಅಲ್ಲಿಗೆ ಮತ್ತೆ ಹತ್ತು ಸಾವಿರದ ಹತ್ರಾನೇ ಬಂದು ನಿಂತ್ವಿ ನೋಡಿ.

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಸ್ಕೂಟರ್ ಕಳುವಾಯ್ತು. 90 ದಿನ ಕಳೀತು, ಮೆಸೇಜಿಲ್ಲ, ಫೋನಿಲ್ಲ. ನಾನೇ ಸ್ಟೇಷನ್ನಿಗೆ ಹೋಗಿ ಅಲ್ಲಿ ಫೈಲು ಬರೆಯೋ ಪೊಲೀಸರು, ರೈಟರ್ ಹತ್ರ ಹೊಸ ಕಾನೂನಲ್ಲಿ ಹೀಗಿದೆಯಲ್ಲ ಸಾರ್ ಅಂದೆ. ಅವರು ನಕ್ಕು ಟೀ ಕೊಡಿಸಿದ್ರು. "ಸಾರ್, ಈ ತಿಂಗಳಲ್ಲಿ ಜಾತ್ರೆ ಬಂದೋಬಸ್ತು, ಮಂತ್ರಿ ಬಂದೋಬಸ್ತು, ಸ್ಟಾಫ್ ಕಮ್ಮಿ, ಎಷ್ಟು ಜನಕ್ಕೆ ಅಂತ ಫೋನ್ ಮಾಡೋಣ ನೀವೇ ಹೇಳಿ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಕಾನೂನಲ್ಲಿ ತಿಳಿಸಬೇಕು ಅಂತ ಬರೆದ್ರು, ತಿಳಿಸೋ ಕೆಲಸಕ್ಕೆ ಅಂತ ಒಬ್ಬ ಮನುಷ್ಯನ್ನ ಇಡಲಿಲ್ಲ. ನನ್ನ ಜಗಳ ಇರೋದು ಅಲ್ಲೇ.

ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ರೆ ಬುಕ್ ಆಯ್ತು, ಹೊರಟಿದೆ, ತಲುಪಿದೆ ಅಂತ ಮೆಸೇಜ್ ಮೇಲೆ ಮೆಸೇಜ್ ಬರತ್ತೆ. ಕೋರ್ಟಿನ ಇ-ಕೋರ್ಟ್ಸ್ ಆ್ಯಪಲ್ಲಿ ಅಕ್ಷರ ಅಂಕಿ ಸೇರಿ 16 ಇರೋ ಸಿಎನ್ಆರ್ ನಂಬರ್, ಅಂದ್ರೆ ಪ್ರತಿ ಕೇಸಿಗೂ ಕೊಡೋ ಗುರುತಿನ ನಂಬರ್ ಹಾಕಿದ್ರೆ ಮುಂದಿನ ವಾಯಿದೆ ತೋರಿಸತ್ತೆ, ಚೆನ್ನಾಗೇ ಇದೆ ಆ್ಯಪು, ಆದ್ರೆ ಆ ನಂಬರ್ ನಮ್ಮಮ್ಮನಿಗೆ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಚಾರ್ಜ್‌ಶೀಟ್ ಕೋರ್ಟಿಗೆ ಬಂದ ದಿನ ಸಂತ್ರಸ್ತರ ಮೊಬೈಲಿಗೆ ಆ ನಂಬರ್ ಕನ್ನಡದಲ್ಲಿ ಒಂದು ಮೆಸೇಜಾಗಿ ಹೋಗೋ ಹಾಗೆ ಮಾಡೋಕೆ ಎಷ್ಟು ಖರ್ಚಾಗತ್ತೆ? ಎಫ್‌ಐಆರ್ ಕಾಪಿಯ ಹಿಂದಿನ ಪುಟ ಖಾಲಿ ಇರತ್ತೆ. ಪರಿಹಾರಕ್ಕೆ ಅರ್ಜಿ ಎಲ್ಲಿ ಕೊಡಬೇಕು, ಉಚಿತ ವಕೀಲರು ಯಾರಿಗೆ ಸಿಗ್ತಾರೆ, ಕಾನೂನು ಸೇವೆಯ ಸಹಾಯವಾಣಿ 15100 ಅಂತ ಅಲ್ಲಿ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡಲಿ. ವಿಧಾನಸೌಧದಲ್ಲಿ ಬಿಲ್ ಪಾಸ್ ಮಾಡೋ ಕೆಲಸ ಅಲ್ಲ ಇದು, ಒಂದು ಸುತ್ತೋಲೆ ಸಾಕು.

ಮನುಷ್ಯರನ್ನ ಇಡೋದು ಕಷ್ಟ, ದುಡ್ಡು ಬೇಕು, ಅದು ಗೊತ್ತು. ಆದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸುಗಳಲ್ಲಿ ಈಗಾಗಲೇ ಇದೆಯಲ್ಲ, 2020ರ ನಿಯಮದಲ್ಲಿ ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿ ಅಂತ ಕೊಡ್ತಾರೆ, ಕೇಸು ಎಲ್ಲಿಗೆ ಬಂತು, ಕೋರ್ಟಲ್ಲಿ ಏನಾಗತ್ತೆ ಅಂತ ಮನೆಯವರಿಗೆ ಹೇಳೋದೇ ಅವರ ಕೆಲಸ. ಎಲ್ಲಾ ಕಡೆ ಸರಿಯಾಗಿ ನಡೀತಿದೆ ಅಂತ ನಾನು ಹೇಳಲ್ಲ, ಆದ್ರೆ ದಾರಿ ಅದೇ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್, ಅಂದ್ರೆ ಕಾನೂನಿನ ತರಬೇತಿ ಪಡೆದ ಸ್ವಯಂಸೇವಕರು ಅಂತ ಇದಾರೆ, ನಮ್ಮ ಕಡೆ ಎಷ್ಟೋ ಜನ ಹೆಣ್ಣುಮಕ್ಕಳು, ಸಂಘ ನಡೆಸಿದವರು, ಎಲ್ಲರ ಮನೆ ಗೊತ್ತಿರೋರು. ಕೊಲೆ, ದರೋಡೆ, ಅತ್ಯಾಚಾರ, ದೊಡ್ಡ ಪೆಟ್ಟು ಬಿದ್ದ ಕೇಸು ಇಷ್ಟಕ್ಕಾದ್ರೂ ಅವರಲ್ಲಿ ಒಬ್ಬರ ಹೆಸರು ಫೋನ್ ನಂಬರ್ ಎಫ್‌ಐಆರ್ ದಿನಾನೇ ಕೊಟ್ಟುಬಿಡಲಿ. ಅವರಿಗೆ ಮರ್ಯಾದೆಯಾಗಿ ಗೌರವಧನ ಕೊಡಲಿ, ಕಾರ್ಯಕ್ರಮಕ್ಕೆ ಜನ ಕೂರಿಸೋಕೆ ಮಾತ್ರ ಅವರನ್ನ ಕರೆಯೋದು ಬಿಡಲಿ.

ಇಲ್ಲಿ ಒಂದು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಸಂತ್ರಸ್ತರ ಪರ ಮಾತಾಡಿದ ತಕ್ಷಣ ಕೆಲವರು ಕಳ್ಳರನ್ನ ನಡುರಸ್ತೇಲಿ ಹೊಡೀಬೇಕು, ಜಾಮೀನೇ ಕೊಡಬಾರದು ಅಂತ ಶುರು ಮಾಡ್ತಾರೆ. ನನಗದು ಬೇಡ. ಆ ಇಬ್ಬರ ಮೇಲೆ ಸಾಕ್ಷಿ ನಿಲ್ಲಲಿಲ್ಲ, ಬಿಟ್ರು, ಕೋರ್ಟು ಮಾಡಿದ್ದು ಸರಿ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಸಂತ್ರಸ್ತರಿಗೆ ಕೇಸಲ್ಲಿ ಪಾಲ್ಗೊಳ್ಳೋ ಹಕ್ಕು ಕೊಡಿ, ಪರಿಹಾರ ನಿಧಿ ಮಾಡಿ ಅಂತ ವರದಿ ಕೊಟ್ಟಿತ್ತು. ಆ ವರದಿಲಿ ಆರೋಪಿಗಳ ಹಕ್ಕು ಕಮ್ಮಿ ಮಾಡೋ ಕೆಲವು ಮಾತುಗಳೂ ಇದ್ವು, ಜಗಳ ಪೂರ್ತಿ ಅದರ ಮೇಲೇ ಆಗಿ ಸಂತ್ರಸ್ತರ ಅಧ್ಯಾಯ ಮೂಲೆಗೆ ಹೋಯ್ತು. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸೋ ಅಗತ್ಯ ಇದರಲ್ಲಿ ಎಲ್ಲಿದೆ ಹೇಳಿ, ಅಮ್ಮನಿಗೆ ವಾಯಿದೆ ದಿನಾಂಕ ತಿಳಿಸಿದ್ರೆ ಆರೋಪಿಗೆ ಏನು ನಷ್ಟ?

2024ರ ನವೆಂಬರಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಒಂದು ಆದೇಶ ಮಾಡಿತು, ಹೆಂಗಸರು ಮಕ್ಕಳಿಗೆ ದೇಹಕ್ಕೆ ಪೆಟ್ಟಾದ ಕೇಸುಗಳಲ್ಲಿ ಸೆಷನ್ಸ್ ಕೋರ್ಟುಗಳು ತೀರ್ಪು ಕೊಡುವಾಗ ಪರಿಹಾರದ ಆದೇಶಾನೂ ಮಾಡಬೇಕು ಅಂತ. ಸಂತ್ರಸ್ತರು ಕೇಳೋಕೆ ಗೊತ್ತಿಲ್ಲದಿದ್ರೂ ಕೋರ್ಟೇ ನೆನಪಿಟ್ಕೊಂಡು ಮಾಡಬೇಕು, ನನಗೆ ಇದೇ ಹಿಡಿಸಿದ್ದು. ಆದ್ರೆ ನಮ್ಮ ಸರಗಳ್ಳತನದಂಥ ಕೇಸುಗಳೆಲ್ಲ ನಡೆಯೋದು ಸೆಷನ್ಸ್ ಕೋರ್ಟಿಗಿಂತ ಕೆಳಗಿನ, ತಾಲೂಕಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಲ್ಲಿ, ಅಲ್ಲಿಗೂ ಈ ಅಭ್ಯಾಸ ಇಳೀಬೇಕು.

ಕೊನೇದಾಗಿ ನಿಮಗೇ ಒಂದು ಕೋರಿಕೆ ಸಂಪಾದಕರೇ. ಪ್ರಾಪರ್ಟಿ ಪೆರೇಡ್ ಫೋಟೋ ಹಾಕೋದು ನಿಲ್ಲಿಸಬೇಡಿ. ಆದ್ರೆ ಫೋಟೋಲಿ ನಿಂತಿದಾರಲ್ಲ ಆ ಹೆಂಗಸರು, ಅವರಲ್ಲಿ ಒಂದಿಬ್ಬರ ಮನೆಗೆ ನಿಮ್ಮ ವರದಿಗಾರರನ್ನ ಒಂದು ವರ್ಷ ಬಿಟ್ಟು ಕಳಿಸಿ. ಕೇಸು ಎಲ್ಲಿಗೆ ಬಂತಮ್ಮ, ಮುಂದಿನ ವಾಯಿದೆ ಯಾವತ್ತು ಅಂತ ಕೇಳ್ಲಿ. ಏನು ಹೇಳ್ತಾರೋ ಅದನ್ನ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ, ತುಮಕೂರು ಜಿಲ್ಲೆ